ಹೂಲಿಯ ಗುಡಿಗೆ ಯಾವ ಬಣ್ಣ?

ಸವದತ್ತಿಯಿಂದ ಸುಮಾರು 9 ಕಿ.ಮೀ. ಹೋದರೆ ಗುಡ್ಡದ ಬುಡದಲ್ಲಿ ಹೂಲಿ ಸಿಗುತ್ತದೆ. ಊರು ಚಿಕ್ಕದು, ಗುಡಿಗಳು ಹಲವು: ಪಂಚಲಿಂಗೇಶ್ವರ, ಮದನೇಶ್ವರ, ತಾರಕೇಶ್ವರ, ಅಂಧಕೇಶ್ವರ... ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳೆದ ಊರಿದು. ಹಳೆಯ ಶಾಸನಗಳಲ್ಲಿ ಇದರ ಹೆಸರು ಪೂಲಿ. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪೂಲಿ ಹೂಲಿಯಾಯಿತು.

ಏಳನೇ ತರಗತಿಯ ಮೊಮ್ಮಗಳು ಅವ್ವನ ಮೊಬೈಲ್ ಹಿಡಿದು ನನ್ನ ಜೊತೆ ಬಂದಿದ್ದಳು. ಪಂಚಲಿಂಗೇಶ್ವರ ಗುಡಿಯ ಮುಂದೆ ನಿಂತು ಕೇಳಿದಳು: "ಅಜ್ಜಾ, ಬಣ್ಣದಾಗ ತಗೀಲೋ, ಕಪ್ಪು-ಬಿಳುಪಿನಾಗ ತಗೀಲೋ? ಹಳೇ ಗುಡಿ ಕಪ್ಪು-ಬಿಳುಪಿನಾಗ ಚೊಲೋ ಕಾಣ್ತಾವಂತ ನಮ್ಮ ಗೆಳತ್ಯಾರು ಅಂತಾರ."

"ಎರಡೂ ತಗದು ನೋಡೂಣು ಬಾ" ಅಂದೆ.

ಮೊದಲು ಒಳಗಿನ ಕಂಬ. ಬಣ್ಣದ ಚಿತ್ರದಲ್ಲಿ ಕಣ್ಣು ನೇರವಾಗಿ ಕಂಬದ ಪಕ್ಕದಲ್ಲಿದ್ದ ಕೆಂಪು ಪ್ಲಾಸ್ಟಿಕ್ ಬಕೆಟ್ಟಿಗೆ ಹೋಯಿತು. ಕಪ್ಪು-ಬಿಳುಪಿನಲ್ಲಿ ಬಕೆಟ್ ತಣ್ಣಗೆ ಹಿಂದೆ ಸರಿಯಿತು. ಕಂಬದ ಸುತ್ತು, ಅಂಚು, ಒಂದು ಮಗ್ಗುಲಿನ ಬೆಳಕು, ಇನ್ನೊಂದು ಮಗ್ಗುಲಿನ ನೆರಳು ಎದ್ದು ಕಂಡವು. ಶಿಲ್ಪಿಯ ಉಳಿ ಮಾತಾಡುವುದು ನೆರಳು-ಬೆಳಕಿನ ಭಾಷೆಯಲ್ಲಿ. ಆ ಭಾಷೆ ಓದಲು ಬಣ್ಣ ಬೇಕಿಲ್ಲ.

"ಹಂಗಾದ್ರ ನಮ್ಮ ಗೆಳತ್ಯಾರು ಖರೇನ ಹೇಳ್ಯಾರ!" ಎಂದು ಹಿಗ್ಗಿದಳು.

ಊರೊಳಗಿನ ಒಂದು ಪುಟ್ಟ ಗುಡಿಯ ಗೋಡೆ ಬೇರೆಯೇ ಮಾತು ಹೇಳಿತು. ಅಲ್ಲಿ ಬಿರುಕಿಗೆ ಯಾರೋ ಸಿಮೆಂಟ್ ಮೆತ್ತಿದ್ದರು. ಮೇಲೆ ಹಳೆಯ ಸುಣ್ಣದ ಕಲೆ, ಕೆಳಗೆ ನೀರು ಇಳಿದು ಬೆಳೆದ ಹಸಿರು ಪಾಚಿ. ಬಣ್ಣದ ಚಿತ್ರದಲ್ಲಿ ಇವೆಲ್ಲ ಬೇರೆ ಬೇರೆಯಾಗಿ ಕಂಡವು. ಕಪ್ಪು-ಬಿಳುಪಿನಲ್ಲಿ ಕಲ್ಲು, ಸಿಮೆಂಟ್, ಪಾಚಿ ಮೂರೂ ಒಂದೇ ಬೂದು! ಗೋಡೆ ಚೆಂದ ಕಂಡಿತು, ಆದರೆ ಅದರ ಬೇನೆ ಮುಚ್ಚಿಹೋಯಿತು. ಗುಡಿಗೆ ನೀರು ಎಲ್ಲಿ ಇಳಿಯುತ್ತಿದೆ ಎಂದು ನಾಳೆ ದುರಸ್ತಿಗೆ ಬರುವವರಿಗೆ ತೋರಿಸಬೇಕಾದರೆ ಆ ಹಸಿರೇ ಸಾಕ್ಷಿ.

ಹಳೆಯ ಕಾಲದ ಛಾಯಾಚಿತ್ರಕಾರರಿಗೆ ಈ ಆಯ್ಕೆಯೇ ಇರಲಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು ಹಂಪಿಯ ಚಿತ್ರಗಳನ್ನು ಮೇಣ ಸವರಿದ ಕಾಗದದ ಮೇಲೆ ತೆಗೆದರು. ಆಗಿನ ರಾಸಾಯನಿಕಗಳು ನೀಲಿ ಬೆಳಕನ್ನು ಚೆನ್ನಾಗಿ ಹಿಡಿಯುತ್ತಿದ್ದವು, ಕೆಂಪನ್ನು ಹಿಡಿಯುತ್ತಿರಲಿಲ್ಲ. ಅದಕ್ಕೇ ಆ ಕಾಲದ ಚಿತ್ರಗಳಲ್ಲಿ ನೀಲಿ ಆಕಾಶ ಬೆಳ್ಳಗೆ, ಕೆಂಪು ವಸ್ತು ಕಪ್ಪಗೆ ಕಾಣುತ್ತದೆ. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಎಂಬ ಛಾಯಾಚಿತ್ರಕಾರರು ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನು ಉಳಿಯಿತು ಎಂದು ತಿಳಿಯುತ್ತದೆ. ಆದರೆ 1856ರ ಗೋಡೆಗೆ ಯಾವ ಬಣ್ಣವಿತ್ತು ಎಂದು ಕೇಳಿದರೆ ಆ ಚಿತ್ರ ಸುಮ್ಮನಿರುತ್ತದೆ.

ಹೂಲಿಗೆ ಹತ್ತಿರದ ಎಲ್ಲಮ್ಮನ ಗುಡ್ಡವನ್ನೇ ನೋಡಿ. ಭಂಡಾರದ ಹಳದಿಯಿಲ್ಲದೆ ಆ ಗುಡ್ಡದ ಚಿತ್ರ ಪೂರ್ತಿಯಾದೀತೇ?

ಮೊಮ್ಮಗಳು ತುಸು ಯೋಚಿಸಿ, "ಹಂಗಾದ್ರ ಮೊದಲ ಬಣ್ಣದಾಗ ತಗದು ಇಟ್ಕೊಂಡ್ರ, ಆಮ್ಯಾಲೆ ಬೇಕಾದಾಗ ಬಣ್ಣ ತಗೀಬಹುದಲ್ಲ ಅಜ್ಜಾ?" ಅಂದಳು. ಸರಿಯಾದ ಮಾತು. ಬಣ್ಣದ ಚಿತ್ರವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡುವುದು ಒಂದು ಕ್ಷಣದ ಕೆಲಸ. ಕಪ್ಪು-ಬಿಳುಪಿನ ಚಿತ್ರಕ್ಕೆ ಕಳೆದುಹೋದ ನಿಜಬಣ್ಣ ಮರಳಿ ಬರುವುದಿಲ್ಲ.

ಮಕ್ಕಳೇ, ನಿಮ್ಮೂರಿನಲ್ಲೂ ಹಳೆಯ ಗುಡಿ, ವಾಡೆ, ಅಗಸಿ ಬಾಗಿಲು ಇದ್ದೇ ಇರುತ್ತದೆ. ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಅಥವಾ ಸಂಜೆ ಹೋಗಿ. ಬಣ್ಣದಲ್ಲೇ ತೆಗೆಯಿರಿ. ದಿನಾಂಕವನ್ನೂ ನಿಂತ ಜಾಗವನ್ನೂ ಬರೆದಿಡಿ. ಕೆತ್ತನೆ ಇಷ್ಟವಾದರೆ ಅದರ ಒಂದು ಪ್ರತಿಯನ್ನು ಕಪ್ಪು-ಬಿಳುಪು ಮಾಡಿ ಗೋಡೆಗೆ ಹಾಕಿ. ಆಮೇಲೆ ಬಣ್ಣದ ಚಿತ್ರವನ್ನು ಅಜ್ಜ-ಅಜ್ಜಿಗೆ ತೋರಿಸಿ, "ನೀವು ಸಣ್ಣವರಿದ್ದಾಗ ಈ ಗೋಡೆ ಯಾವ ಬಣ್ಣದ್ದಿತ್ತು?" ಎಂದು ಕೇಳಿ. ಅವರು ಹೇಳಿದ್ದನ್ನು ಚಿತ್ರದ ಕೆಳಗೆ ಬರೆಯಿರಿ. ಯಾವ ಕ್ಯಾಮೆರಾಕ್ಕೂ ಸಿಗದ ಬಣ್ಣ ಅದು.