ಝೀರೋ ನೋಡ್ಕೊಳ್ಳಿ ಸಾರ್!

ನಮ್ಮೂರಿನ ಪೆಟ್ರೋಲ್ ಬಂಕಿಗೆ ಹೋದವರಿಗೆಲ್ಲ ಈ ಮಾತು ಗೊತ್ತು. ಹುಡುಗ ಪೈಪು ಕೈಗೆತ್ತಿಕೊಂಡು "ಝೀರೋ ನೋಡ್ಕೊಳ್ಳಿ ಸಾರ್" ಅನ್ನುತ್ತಾನೆ, ನಾವು ಕತ್ತು ಚಾಚಿ ಮೀಟರ್ ನೋಡುತ್ತೇವೆ. ಅಮೆರಿಕಕ್ಕೆ ಬಂದ ಮೇಲೆ ನಾನು ಕತ್ತು ಚಾಚುವುದನ್ನೇ ಬಿಟ್ಟಿದ್ದೆ. ಕಾರ್ಡು ಕೊಡುವುದು, ರಸೀದಿ ಎಲ್ಲೋ ತುರುಕುವುದು, ಹೊರಡುವುದು, ಅಷ್ಟೆ.

2023ರ ಬೇಸಿಗೆಯಲ್ಲಿ ಅಪ್ಪ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದರು. ತಿಪಟೂರಿನಲ್ಲಿ ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು. ಕ್ಯಾಲ್ಕುಲೇಟರ್ ಅಂದರೆ ಅವರಿಗೆ ಸೋಮಾರಿಗಳ ಆಟಿಕೆ.

ಒಂದು ದಿನ ಗ್ಯಾಸ್ ಸ್ಟೇಷನ್ನಿಗೆ ಹೋದೆವು. ನಮ್ಮ ರಾಜ್ಯದಲ್ಲಿ 1949ರ ಕಾನೂನಿನಂತೆ ಇಂದಿಗೂ ನಾವೇ ಇಳಿದು ಪೆಟ್ರೋಲ್ ತುಂಬಿಕೊಳ್ಳುವಂತಿಲ್ಲ. ಹಾಕಲು ಆಳು ಇರಲೇಬೇಕು. "ಇದು ನಮ್ಮೂರಿನ ಹಾಗೇ ಇದೆಯಲ್ಲೋ!" ಎಂದು ಅಪ್ಪನಿಗೆ ಖುಷಿ. ಪೇಟ ಸುತ್ತಿದ್ದ ವಯಸ್ಸಾದ ಸರ್ದಾರ್ಜಿಯೊಬ್ಬರು ಟ್ಯಾಂಕ್ ತುಂಬಿಸಿ ರಸೀದಿ ಕೊಟ್ಟರು. ಅಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಬೋರ್ಡಿನಲ್ಲಿ ಮೂರು ಡಾಲರ್ ಹತ್ತೊಂಬತ್ತು ಸೆಂಟು ಅಂತಿದೆ. ಹನ್ನೆರಡೂವರೆ ಗ್ಯಾಲನ್ನಿಗೆ ಮೂವತ್ತೊಂಬತ್ತು ಎಂಬತ್ತೆಂಟು ಆಗ್ಬೇಕು. ನಲವತ್ತೊಂದು ಇಪ್ಪತ್ನಾಲ್ಕು ತಗೊಂಡಿದಾನಲ್ಲ?"

1 ಡಾಲರ್ 36 ಸೆಂಟು ಹೆಚ್ಚು! ಇಷ್ಟು ವರ್ಷ ನಾನು ನೋಡದೇ ಇದ್ದದ್ದನ್ನು ಅಪ್ಪ ಒಂದು ನಿಮಿಷದಲ್ಲಿ ಹಿಡಿದುಬಿಟ್ಟರಲ್ಲ ಎಂಬ ಅವಮಾನವೋ ಏನೋ, ನಾನು ಕೆಳಗಿಳಿದು ಆ ಹಿರಿಯರ ಮೇಲೆ ರೇಗಿದೆ. "ಹೀಗೆ ದಿನಕ್ಕೆ ಎಷ್ಟು ಜನಕ್ಕೆ ಮೋಸ ಮಾಡ್ತೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿಯೂ ಬಿಟ್ಟೆ. ಅವರು ಮರುಮಾತಾಡದೆ ಬೋರ್ಡಿನ ಕಡೆ ಬೆರಳು ತೋರಿಸಿದರು. ದೊಡ್ಡ ಅಂಕಿಯ ಪಕ್ಕದಲ್ಲಿ ಸಣ್ಣದಾಗಿ "ಕ್ಯಾಶ್" ಎಂದಿತ್ತು. ಅದರ ಕೆಳಗೆ ಕ್ರೆಡಿಟ್ ಬೆಲೆ, 10 ಸೆಂಟು ಹೆಚ್ಚು. ಎರಡೂ ಬೆಲೆಗಳ ತುದಿಯಲ್ಲಿ ಇರುವೆಯಷ್ಟು ಚಿಕ್ಕದಾಗಿ 9/10.

ಲೆಕ್ಕ ಸ್ಪಷ್ಟವಾಯಿತು. ಕಾರ್ಡಿನ ವ್ಯವಹಾರಕ್ಕೆ ಅಂಗಡಿಯವನು ಬ್ಯಾಂಕಿಗೆ ಶುಲ್ಕ ಕಟ್ಟಬೇಕು. ಅದಕ್ಕೇ ಇಲ್ಲಿ ಎಷ್ಟೋ ಕಡೆ ನಗದಿಗೊಂದು, ಕಾರ್ಡಿಗೊಂದು ದರ. ಗ್ಯಾಲನ್ನಿಗೆ 10 ಸೆಂಟಿನಂತೆ ಅದು 1 ಡಾಲರ್ 25 ಸೆಂಟು. ಉಳಿದ 11 ಸೆಂಟು ಆ 9/10ರ ಕರಾಮತ್ತು. 3.29 ಎಂದು ನಾವು ಓದುವುದು ನಿಜವಾಗಿ 3.299. ನಮ್ಮೂರಿನ ಬಾಟಾ ಅಂಗಡಿಯ 99 ರೂಪಾಯಿ 95 ಪೈಸೆಯ ತಮ್ಮನೇ ಇವನು!

ಅಪ್ಪ ಆ ಹೊತ್ತಿಗೆ ಕಾರಿನಿಂದ ಇಳಿದು ಬಂದಿದ್ದರು. ತಮ್ಮ ಹರಕುಮುರುಕು ಹಿಂದಿಯಲ್ಲಿ "ಮಾಫ್ ಕರೋ ಭಾಯಿಸಾಬ್" ಎಂದು ಕೈಮುಗಿದರು. ಸರ್ದಾರ್ಜಿ ಅವರ ಕೈ ಹಿಡಿದುಕೊಂಡು ನಕ್ಕರು. ನಾನು ಮಾತ್ರ ತಲೆ ತಗ್ಗಿಸಿ ನಿಂತಿದ್ದೆ.

ಮನೆಗೆ ಬರುವಾಗ ಅಪ್ಪ ಹೇಳಿದರು: "ಲೆಕ್ಕ ಕೇಳೋದು ತಪ್ಪಲ್ಲ ಕಣೋ. ಕಳ್ಳ ಅನ್ನೋದು ತಪ್ಪು. ನನ್ನ ತಕ್ಕಡಿ ನೋಡಿ ಎಷ್ಟು ಜನ ಹಾಗಂದಿದಾರೆ ಗೊತ್ತಾ? ತೂಕದ ಕಲ್ಲಿಗೆ ಸರಕಾರದ ಮುದ್ರೆ ಹಾಕಿಸಿರ್ತಿದ್ದೆ. ಕೇಳಿದವರಿಗೆ ತೋರಿಸ್ತಿದ್ದೆ. ಕೇಳದೇನೇ ಅಂದುಬಿಟ್ಟವರ ಮಾತು ಮಾತ್ರ ರಾತ್ರಿ ನಿದ್ದೆ ಕೆಡಿಸ್ತಿತ್ತು."

ನಲವತ್ತು ವರ್ಷದಲ್ಲಿ ಅಪ್ಪ ಈ ಮಾತನ್ನು ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲ.

ಮಾರನೆಯ ದಿನ ಇನ್ನೊಂದು ಗಾಬರಿ. ಬ್ಯಾಂಕ್ ಖಾತೆಯಲ್ಲಿ ಅದೇ ಗ್ಯಾಸ್ ಸ್ಟೇಷನ್ ಹೆಸರಿನಲ್ಲಿ 175 ಡಾಲರ್! ಈ ಸಲ ರೇಗುವ ಮೊದಲು ವಿಚಾರಿಸಿದೆ. ಪಂಪಿಗೆ ಕಾರ್ಡು ಹಾಕಿದಾಗ ನಾವೆಷ್ಟು ತುಂಬಿಸುತ್ತೇವೆಂದು ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಒಂದು ಮೊತ್ತವನ್ನು ತಡೆಹಿಡಿದು, ಆಮೇಲೆ ನಿಜವಾದ ಬಾಬ್ತು ಮಾತ್ರ ಕಳೆಯುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರಲ್ಲಿ ಈ ಮಿತಿಯನ್ನು 125ರಿಂದ 175 ಡಾಲರಿಗೆ ಏರಿಸಿದವು. ಎರಡು ದಿನದಲ್ಲಿ ಖಾತೆಯಲ್ಲಿ 41.24 ಎಂದೇ ಬಂತು. ಆದರೆ ಡೆಬಿಟ್ ಕಾರ್ಡ್ ಬಳಸುವ ನಮ್ಮ ವಿದ್ಯಾರ್ಥಿಗಳು, ಹೊಸದಾಗಿ ಬಂದವರು ಎಚ್ಚರ. ಖಾತೆಯಲ್ಲಿ ದುಡ್ಡು ಕಡಿಮೆಯಿದ್ದರೆ ಆ ಎರಡು ದಿನದಲ್ಲೇ ಬಾಡಿಗೆಯ ಚೆಕ್ ವಾಪಸಾಗಬಹುದು.

ಮುಂದಿನ ವಾರ ಅಪ್ಪನೇ ಅದೇ ಸ್ಟೇಷನ್ನಿಗೆ ಹೋಗೋಣವೆಂದರು. ಈ ಸಲ ನಗದು ಕೊಟ್ಟೆವು. ಪಂಪಿನ ಮೇಲೆ ತೂಕ-ಅಳತೆ ಇಲಾಖೆಯ ಚೀಟಿ ಅಂಟಿಸಿದ್ದನ್ನು ಕಂಡು ಅಪ್ಪನ ಮುಖ ಅರಳಿತು. "ಇಲ್ಲೂ ಮುದ್ರೆ ಇದೆ!" ಇಲ್ಲಿನ ನಿಯಮದಲ್ಲಿ 5 ಗ್ಯಾಲನ್ ಅಳೆದಾಗ 6 ಘನ ಅಂಗುಲದವರೆಗೆ, ಅಂದರೆ ನೂರಕ್ಕೆ ಅರ್ಧದಷ್ಟು, ಹೆಚ್ಚುಕಡಿಮೆಗೆ ವಿನಾಯಿತಿ ಇದೆ ಎಂದು ಹೇಳಿದೆ. "ತಕ್ಕಡಿಯ ಮುಳ್ಳೂ ಅಷ್ಟು ಅಲ್ಲಾಡುತ್ತೆ ಬಿಡು" ಎಂದರು.

ಅಪ್ಪ ಊರಿಗೆ ಹಿಂತಿರುಗಿದರು. ನಾನೀಗ ಸಣ್ಣ ಅಕ್ಷರವನ್ನೂ ಓದುತ್ತೇನೆ, ಮೀಟರನ್ನೂ ನೋಡುತ್ತೇನೆ. ಸರ್ದಾರ್ಜಿ ನನ್ನ ಕಾರು ಕಂಡ ಕೂಡಲೇ ಕೇಳುವುದು ಒಂದೇ: "ಪಿತಾಜಿ ಹೇಗಿದ್ದಾರೆ?"