ಅರಳಗೊಡದ ಹೂವು

ಚೀನಾ ದೇಶದ ಪೂರ್ವ ಕರಾವಳಿಯಲ್ಲಿರುವ ಶಾನ್‌ಡೊಂಗ್ ಪ್ರಾಂತದ ದಕ್ಷಿಣ ಭಾಗದಲ್ಲಿ ಪಿಂಗ್‌ಯಿ ಎಂಬ ಗುಡ್ಡಗಾಡಿನ ಸೀಮೆಯೊಂದಿದೆ. ವಿಸ್ತಾರದಲ್ಲಿ ಅದು ಕನ್ನಡ ನಾಡಿನ ಒಂದು ದೊಡ್ಡ ತಾಲ್ಲೂಕಿನಷ್ಟು. ಅದರ ಉತ್ತರಕ್ಕೆ ಮೆಂಗ್ ಪರ್ವತವು ಗೋಡೆಯಂತೆ ನಿಂತಿದೆ. ಶಿಖರದ ಎತ್ತರ 1156 ಮೀಟರು. ಪುಣ್ಯಕ್ಷೇತ್ರವಾದ ತೈ ಪರ್ವತವೊಂದನ್ನು ಬಿಟ್ಟರೆ ಆ ಪ್ರಾಂತದಲ್ಲಿ ಇದಕ್ಕಿಂತ ಎತ್ತರದ ಬೆಟ್ಟವಿಲ್ಲ. ಕನ್‌ಫ್ಯೂಷಿಯಸ್ ಮಹಾಶಯನು ಪೂರ್ವದ ಬೆಟ್ಟವನ್ನೇರಿ ನಿಂತಾಗ ತನ್ನ ಲೂ ರಾಜ್ಯವೇ ಕಿರಿದಾಗಿ ತೋರಿತೆಂದು ಅವನ ಪರಂಪರೆಯ ಮೆನ್ಷಿಯಸ್ ಹೇಳಿದ್ದಾನೆ. ಆ ಪೂರ್ವದ ಬೆಟ್ಟ ಇದೇ ಎಂಬುದು ಆ ಸೀಮೆಯವರ ಹೆಮ್ಮೆಯ ನಂಬಿಕೆ.

ಆದರೆ ಪಿಂಗ್‌ಯಿಯ ಜನರಿಗೆ ಅನ್ನ ಕೊಡುತ್ತಿರುವುದರಲ್ಲಿ ಮಹಾಶಯನ ಬೆಟ್ಟಕ್ಕಿಂತ ದಕ್ಷಿಣದ ಕಲ್ಲುಗುಡ್ಡಗಳ ಪಾಲು ದೊಡ್ಡದು. ಮಣ್ಣು ತೆಳು, ಬಂಡೆಯೇ ಹೆಚ್ಚು. ಗುಡ್ಡದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹೊಲ ಮಾಡಿದ್ದಾರೆ. ಪ್ರತಿ ಮೆಟ್ಟಿಲಿನ ಬದುವಿನ ಮೇಲೂ, ಕಲ್ಲಿನ ಸಂದುಗಳಲ್ಲಿಯೂ ಸೊಂಟದೆತ್ತರದ ಪೊದೆಗಳು ಸಾಲುಗಟ್ಟಿ ನಿಂತಿವೆ. ಹುಟ್ಟಿನಿಂದ ಅದು ಬಳ್ಳಿ. ರೈತರು ವರ್ಷವರ್ಷವೂ ಸವರಿ ಸವರಿ ಅದನ್ನು ಪೊದೆಯಾಗಿ ನಿಲ್ಲಿಸಿದ್ದಾರೆ. ಅದರ ಬೇರು ಬದುವಿನ ಮಣ್ಣನ್ನು ಹಿಡಿದಿಡುತ್ತದೆ. ಅದರ ಮೊಗ್ಗು ಮನೆಯ ಖರ್ಚನ್ನು ಹಿಡಿದಿಡುತ್ತದೆ. ಇಂಗ್ಲಿಷರು ಈ ಜಾತಿಯ ಬಳ್ಳಿಗಳನ್ನು ಹನಿಸಕಲ್ ಎನ್ನುತ್ತಾರೆ. ಚೀನೀಯರ ಬಾಯಲ್ಲಿ ಇದು ‘ಜಿನ್ ಯಿನ್ ಹುವಾ’, ಅಂದರೆ ಬಂಗಾರ-ಬೆಳ್ಳಿಯ ಹೂವು.

ಹೆಸರಿನ ಕಾರಣ ಗಿಡದ ಮುಂದೆ ನಿಂತವರಿಗೆ ತಾನಾಗಿ ತಿಳಿಯುತ್ತದೆ. ಎಲೆಯ ಕಂಕುಳಿನಲ್ಲಿ ಹೂಗಳು ಜೋಡಿ ಜೋಡಿಯಾಗಿ ಹುಟ್ಟುತ್ತವೆ. ಅರಳಿದ ದಿನ ಅವು ಬೆಳ್ಳಗೆ. ಒಂದೆರಡು ದಿನ ಕಳೆಯುವಷ್ಟರಲ್ಲಿ ಹೊಂಬಣ್ಣಕ್ಕೆ ತಿರುಗುತ್ತವೆ. ನಿನ್ನೆಯ ಬಂಗಾರವೂ ಇಂದಿನ ಬೆಳ್ಳಿಯೂ ಒಂದೇ ರೆಂಬೆಯಲ್ಲಿ ಕಾಣಿಸುತ್ತವೆ. ಬೆಂಗಳೂರು ಮೈಸೂರುಗಳ ಮನೆಯಂಗಳದಲ್ಲಿ ಕಮಾನಿಗೆ ಹಬ್ಬಿಸುವ ಮಧುಮಾಲತಿಯ ಹೂ ಬಿಳಿಯಿಂದ ಕೆಂಪಿಗೆ ತಿರುಗುವುದನ್ನು ಕಂಡವರಿಗೆ ಈ ಚೋದ್ಯ ಹೊಸದಲ್ಲ. ಜೋಡಿಹೂಗಳ ಕಾರಣದಿಂದ ಚೀನೀ ರಸಿಕರು ಇದಕ್ಕೆ ದಂಪತಿಪ್ರೇಮದ ಸಂಕೇತವಾದ ಬಣ್ಣದ ಬಾತುಕೋಳಿಗಳ ಹೆಸರನ್ನೂ ಇಟ್ಟಿದ್ದಾರೆ. ಸಂಸ್ಕೃತ ಕವಿಗಳಿಗೆ ಚಕ್ರವಾಕ ಹೇಗೋ ಅವರಿಗೆ ಆ ಹಕ್ಕಿ ಹಾಗೆ. ವೈದ್ಯ ಗ್ರಂಥಗಳಲ್ಲಿ ಇನ್ನೂ ಹಳೆಯ ಹೆಸರೊಂದಿದೆ: ‘ರೆನ್ ಡೊಂಗ್’, ಚಳಿಗಾಲವನ್ನು ಸಹಿಸುವುದು. ಹಿಮ ಬಿದ್ದಾಗಲೂ ಬಳ್ಳಿ ತನ್ನ ಎಲೆಗಳನ್ನೆಲ್ಲ ಉದುರಿಸದು.

ಇಷ್ಟು ಚೆಲುವಾದ ಹೂವನ್ನು ಪಿಂಗ್‌ಯಿಯ ರೈತರು ಅರಳಲು ಬಿಡುವುದಿಲ್ಲ. ಅವರಿಗೆ ಬೇಕಾದುದು ಬೆಳ್ಳಿಯೂ ಅಲ್ಲ, ಬಂಗಾರವೂ ಅಲ್ಲ. ಇವೆರಡಕ್ಕೂ ಮೊದಲಿನ ಮೊಗ್ಗು. ಅಡುಗೆಮನೆಯ ಲವಂಗದಂತೆ ಇದೂ ಬಿರಿಯುವ ಮುನ್ನ ಬೆಲೆ ಬಾಳುವ ವಸ್ತು. ಎರಡು ಮೂರು ಸೆಂಟಿಮೀಟರು ಉದ್ದದ, ತುದಿಯಲ್ಲಿ ದಪ್ಪನಾಗಿ ಬುಡದಲ್ಲಿ ಸಣ್ಣಗಾದ ಪುಟ್ಟ ಗದೆಯಂತಹ ಮೊಗ್ಗು ಅದು. ಮೊದಲು ಹಸುರಾಗಿರುತ್ತದೆ. ಆಮೇಲೆ ತುದಿ ಬೆಳ್ಳಗಾಗಿ ಬುಡ ಹಸುರಾಗಿ ಉಳಿಯುತ್ತದೆ. ಕಡೆಗೆ ಇಡಿಯ ಮೊಗ್ಗು ಬಿಳುಪೇರಿ ಉಬ್ಬುತ್ತದೆ. ಬೆಳೆಗಾರರು ಈ ಕಡೆಯ ಅವಸ್ಥೆಯನ್ನು ‘ದೊಡ್ಡ ಬಿಳುಪು’ ಎನ್ನುತ್ತಾರೆ. ದೊಡ್ಡ ಬಿಳುಪಿಗೆ ಬಂದ ಮೊಗ್ಗು ಆ ದಿನವೇ ಹೊತ್ತು ಇಳಿಯುವಾಗ ಬಿರಿಯುತ್ತದೆ. ಈ ಬಳ್ಳಿ ಸಂಜೆಯ ಗಿಡ. ಇದರ ಪರಿಮಳವಿರುವುದು ಇರುಳಿನ ಪತಂಗಗಳಿಗಾಗಿ. ಆದುದರಿಂದ ಮುಂಜಾನೆಯಿಂದ ಮಧ್ಯಾಹ್ನದ ಒಳಗೆ ಬಿಡಿಸಿದ್ದಷ್ಟೇ ಉತ್ತಮ ಸರಕು. ಸಂಜೆಗೆ ಉಳಿದದ್ದು ಕೇವಲ ಹೂವು.

ವರ್ಷದ ಮೊದಲ ಕೊಯ್ಲು ಮೇ ತಿಂಗಳ ಕೊನೆಗೆ ಬರುತ್ತದೆ. ಹೆಚ್ಚಿನ ಫಸಲೂ ಆಗಲೇ. ಅನಂತರ ಸುಮಾರು ತಿಂಗಳಿಗೊಂದರಂತೆ ಇನ್ನೂ ಎರಡು ಮೂರು ಕೊಯ್ಲುಗಳು. ಆ ದಿನಗಳಲ್ಲಿ ನಸುಕು ಹರಿಯುವ ಮೊದಲೇ ಹಳ್ಳಿಗಳು ಗುಡ್ಡಕ್ಕೆ ಏರುತ್ತವೆ. ಹೆಂಗಸರು, ಮುದುಕರು, ಶಾಲೆಗೆ ಬಿಡುವಿದ್ದರೆ ಮಕ್ಕಳು, ಎಲ್ಲರ ತೋಳಿನಲ್ಲೂ ಬುಟ್ಟಿ. ಒಂದೊಂದೇ ಮೊಗ್ಗನ್ನು ಬೆರಳತುದಿಯಿಂದ ಚಿವುಟಬೇಕು. ಹಸುರಿನದನ್ನು ನಾಳೆಗೆ ಬಿಡಬೇಕು, ಎಲೆ ಸೇರಬಾರದು, ಅದುಮಿ ತುಂಬಬಾರದು. ಮಲ್ಲಿಗೆಯ ತೋಟದಲ್ಲಿ ಬೆಳಗಿನ ಹೊತ್ತು ಕಳೆದವರಿಗೆ ಈ ಅವಸರದ ಅರಿವಿದ್ದೀತು. ಎಷ್ಟು ನುರಿತ ಕೈಯಾದರೂ ಮಧ್ಯಾಹ್ನದ ವೇಳೆಗೆ ಕೂಡುವುದು ಕೆಲವೇ ಕಿಲೋ. ನಾಲ್ಕೈದು ಕಿಲೋ ಹಸಿಮೊಗ್ಗು ಒಣಗಿ ಒಂದು ಕಿಲೋ ಆಗುತ್ತದೆಂಬುದನ್ನು ನೆನೆದರೆ ಆ ಬುಟ್ಟಿಯ ಭಾರ ಇನ್ನೂ ಹಗುರವಾಗಿ ತೋರುತ್ತದೆ.

ಕಿತ್ತುದರಿಂದ ಕೆಲಸ ಮುಗಿಯಲಿಲ್ಲ. ಹಿಂದೆ ಬಂಡೆಗಳ ಮೇಲೆ, ಚಾಪೆಗಳ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಡುತ್ತಿದ್ದರು. ಅರೆ ಒಣಗಿದ ಮೊಗ್ಗನ್ನು ಕೈಯಿಂದ ಮುಟ್ಟಿ ಮಗುಚಿದರೆ ಕಪ್ಪಾಗುತ್ತದೆ. ಮಳೆ ಬಂದರೆ ವಾರದ ದುಡಿಮೆಯೆಲ್ಲ ಕೊಳೆಯುತ್ತದೆ. ಈಗ ಒಣಗಿಸುವ ಕೋಣೆಗಳು ಬಂದಿವೆ. ಮೊದಲು ಮೂವತ್ತು ಮೂವತ್ತೈದು ಡಿಗ್ರಿಯ ಹಿತವಾದ ಬಿಸಿ, ಮೆಲ್ಲಮೆಲ್ಲನೆ ನಲವತ್ತು, ಐವತ್ತು, ಕಡೆಗೆ ಐವತ್ತೈದು. ನಡುವೆ ಒಲೆ ಆರಬಾರದು. ರಾತ್ರಿಯೆಲ್ಲ ಎಚ್ಚರವಿದ್ದು ಕಾಯ್ದವನಿಗೆ ಬೆಳಿಗ್ಗೆ ಹಸುರು ಮಿಶ್ರಿತ ಬಿಳುಪಿನ ಮೊಗ್ಗು ದೊರೆಯುತ್ತದೆ. ಕಣ್ಣು ಹತ್ತಿದವನಿಗೆ ಕಂದು ಬಣ್ಣದ ಕಸ. ಬಣ್ಣವನ್ನು ಸುಲಭವಾಗಿ ಉಳಿಸಿಕೊಳ್ಳಲು ಗಂಧಕದ ಹೊಗೆ ಕೊಡುವ ದುರಭ್ಯಾಸವೂ ವ್ಯಾಪಾರದಲ್ಲಿ ಹಬ್ಬಿತ್ತು. ಗಂಧಕದ ಅಂಶ ಇಷ್ಟಕ್ಕೆ ಮೀರಬಾರದೆಂದು ಸರಕಾರ ಮಿತಿ ವಿಧಿಸಬೇಕಾಯಿತು.

ಈ ಮೊಗ್ಗಿನಿಂದ ಏನು ಗುಣ? ಚೀನೀ ವೈದ್ಯರ ಮಾತಿನಲ್ಲಿ ಇದು ರುಚಿಯಲ್ಲಿ ಸಿಹಿ, ಸ್ವಭಾವದಲ್ಲಿ ಶೀತ. ಮೈಯ ಉಷ್ಣವನ್ನೂ ವಿಷವನ್ನೂ ಇಳಿಸುವಂಥದು. ಗಂಟಲು ನೋವು, ಜ್ವರ, ಕುರು, ಆಮಶಂಕೆ ಇವುಗಳಿಗೆ ಕೊಡುತ್ತಾರೆ. ಬೇಸಗೆಯಲ್ಲಿ ಮೊಗ್ಗು ನೆನೆಸಿದ ಚಹಾ ಕುಡಿಯುವ ಮನೆಗಳು ಅಸಂಖ್ಯ. ಬೆವರುಸಾಲೆ ಎದ್ದ ಕೂಸಿಗೆ ಇದರ ನೀರಿನಲ್ಲಿ ಸ್ನಾನ ಮಾಡಿಸುವ ಅಜ್ಜಿಯರೂ ಇದ್ದಾರೆ. ಇದಕ್ಕೆ ಅಚ್ಚಳಿಯದ ಕೀರ್ತಿ ತಂದವನು ವು ಜುಟೊಂಗ್ ಎಂಬ ವೈದ್ಯ. ಹತ್ತೊಂಬತ್ತರ ಹರೆಯದಲ್ಲಿ ತಂದೆಯನ್ನು ಕಾಯಿಲೆಗೆ ಒಪ್ಪಿಸಿ, ಕೆಲವು ವರ್ಷಗಳ ಬಳಿಕ ಗಂಟಲು ರೋಗದಿಂದ ಸೋದರನ ಮಗನನ್ನೂ ಕಳೆದುಕೊಂಡು, ಆ ದುಃಖದಲ್ಲಿಯೇ ವೈದ್ಯಶಾಸ್ತ್ರಕ್ಕೆ ಕೈಯಿಟ್ಟವನು ಅವನು. 1798ರಲ್ಲಿ ಅವನು ಮುಗಿಸಿದ ಉಷ್ಣಜ್ವರಗಳ ಗ್ರಂಥದಲ್ಲಿ ಈ ಮೊಗ್ಗನ್ನೂ ಫೋರ್ಸಿಥಿಯ ಎಂಬ ಕಾಯನ್ನೂ ಮುಂದಿಟ್ಟು ಮಾಡಿದ ‘ಯಿನ್ ಚಿಯಾವ್’ ಚೂರ್ಣವಿದೆ. ಪರಿಮಳ ಬಲವಾಗಿ ಎದ್ದೊಡನೆ ಕಷಾಯವನ್ನು ಇಳಿಸಬೇಕು, ಹೆಚ್ಚು ಕುದಿಸಬಾರದೆಂದು ಅವನ ಕಟ್ಟಪ್ಪಣೆ. ಮೊಗ್ಗಿನೊಳಗೆ ಕಟ್ಟಿಟ್ಟದ್ದು ಒಲೆಯ ಮೇಲೆ ಹಾರಿಹೋಗಬಾರದಷ್ಟೆ. ಇಂದಿಗೂ ನೆಗಡಿ ಬಂದ ಚೀನೀಯನು ಆ ಯೋಗವನ್ನು ಮಾತ್ರೆಯ ರೂಪದಲ್ಲಿ ಅಂಗಡಿಯಿಂದ ತರುತ್ತಾನೆ.

ಆಧುನಿಕ ರಸಾಯನ ಶಾಸ್ತ್ರಜ್ಞರು ಮೊಗ್ಗಿನಲ್ಲಿ ಕ್ಲೋರೊಜೆನಿಕ್ ಆಮ್ಲ, ಲೂಟಿಯೊಲೊಸೈಡ್ ಮುಂತಾದವನ್ನು ಗುರುತಿಸಿದ್ದಾರೆ. ಪ್ರಯೋಗಶಾಲೆಯ ಗಾಜಿನ ತಟ್ಟೆಗಳಲ್ಲಿ ಇದರ ಸಾರವು ಕೆಲವು ರೋಗಾಣುಗಳನ್ನು ತಡೆದಿರುವುದೂ ನಿಜ. ಗಾಜಿನ ತಟ್ಟೆಯಲ್ಲಿ ಗೆದ್ದುದೆಲ್ಲ ರೋಗಿಯ ಮೈಯಲ್ಲಿ ಗೆಲ್ಲುವುದಿಲ್ಲವೆಂಬುದು ಬೇರೆ ಮಾತು. ನಿರಪಾಯವೆಂಬ ಹೆಸರಿದ್ದರೂ ಎಲ್ಲರಿಗೂ ಇದು ಸಲ್ಲದು. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಮಕ್ಕಳಿಗೆ ಇದನ್ನು ಕೊಡಬಾರದೆಂದು ಹಾಂಗ್‌ಕಾಂಗಿನಲ್ಲಿ ತಾಯ್ತಂದೆಯರನ್ನು ಎಚ್ಚರಿಸುತ್ತಾರೆ. ಗಿಡದ ಸ್ವಭಾವವೂ ಎಲ್ಲೆಡೆ ಒಂದೇ ಅಲ್ಲ. 1806ರಲ್ಲಿ ಅಮೆರಿಕದ ಲಾಂಗ್ ಐಲೆಂಡಿಗೆ ಅಲಂಕಾರಕ್ಕೆಂದು ಒಯ್ದ ಈ ಬಳ್ಳಿ ಅಲ್ಲಿನ ಕಾಡಿನ ಮರಗಳನ್ನು ಸುತ್ತಿ ಉಸಿರು ಕಟ್ಟಿಸುವ ಕಳೆಯಾಗಿ ಹೋಗಿದೆ. ಬಿಡಿಸುವ ಬೆರಳುಗಳು ಅಲ್ಲಿ ಇಲ್ಲ.

2003ರಲ್ಲಿ ಸಾರ್ಸ್ ಜ್ವರ ಚೀನಾವನ್ನು ಬೆದರಿಸಿದಾಗ ವೈದ್ಯರ ಚೀಟಿಗಳಲ್ಲಿ ಈ ಮೊಗ್ಗಿನ ಹೆಸರು ಕಾಣಿಸಿತು. ಜನ ಔಷಧದ ಅಂಗಡಿಗಳಿಗೆ ಮುಗಿಬಿದ್ದರು. ಬೆಲೆ ನೋಡನೋಡುತ್ತ ಹಲವು ಪಟ್ಟು ಏರಿತು. 2009ರ ಹಂದಿಜ್ವರದ ಕಾಲದಲ್ಲೂ ಇದೇ ಕಥೆ. ಊರೂರಿಗೆ ಭಯ ಹಬ್ಬಿದ ವರ್ಷ ಗುಡ್ಡದ ರೈತನ ಕೈಯಲ್ಲಿ ಹಣ ಆಡುತ್ತದೆ. ಭಯ ಇಳಿದ ಮೇಲೆ ಆಸೆಯಿಂದ ನೆಟ್ಟ ಹೊಸ ಗಿಡಗಳೆಲ್ಲ ಒಟ್ಟಿಗೆ ಮೊಗ್ಗು ಬಿಟ್ಟು ಬೆಲೆಯನ್ನು ನೆಲಕ್ಕಿಳಿಸುತ್ತವೆ.

ಇದಕ್ಕಿಂತ ಕಹಿಯಾದ ಪ್ರಸಂಗವೊಂದು ಪಿಂಗ್‌ಯಿಯಿಂದ ಬಹು ದೂರ ದಕ್ಷಿಣದಲ್ಲಿ ನಡೆಯಿತು. ಹುನಾನ್ ಪ್ರಾಂತದ ಲೊಂಗ್‌ಹುಯಿ ಸೀಮೆಯ ಎತ್ತರದ ಮಲೆಗಳಲ್ಲಿ, ಕಸೂತಿಯ ಉಡುಪಿಗೆ ಹೆಸರಾದ ಯಾವೋ ಜನರ ಹಳ್ಳಿಗಳ ಸುತ್ತ, ಇದೇ ಕುಲದ ಇನ್ನೊಂದು ಬಳ್ಳಿ ಬೆಳೆಯುತ್ತದೆ. ಅದರ ಮೊಗ್ಗುಗಳು ಗೊಂಚಲಾಗಿ ಬಿಡುವುದರಿಂದ ಕೈತುಂಬ ಕೀಳಬಹುದು. ಅದರ ಕೆಲವು ತಳಿಗಳ ಮೊಗ್ಗು ಬಿರಿಯುವುದೇ ಇಲ್ಲ! ಸಂಜೆಯೊಡನೆ ಓಟದ ಪಂದ್ಯ ಕಟ್ಟಬೇಕಾಗಿಲ್ಲದ ಆ ಬೆಳೆಯನ್ನು ನಂಬಿ ಬಡ ಮಲೆಗಳು ಚೇತರಿಸಿಕೊಂಡವು. ಮಾರುಕಟ್ಟೆಯಲ್ಲಿ ಉತ್ತರದ್ದೂ ದಕ್ಷಿಣದ್ದೂ ‘ಜಿನ್ ಯಿನ್ ಹುವಾ’ ಎಂಬ ಒಂದೇ ಹೆಸರಿನಲ್ಲಿ ಬಿಕರಿಯಾಗುತ್ತಿದ್ದವು. 2005ರ ಚೀನೀ ಔಷಧಕೋಶವು ಆ ಹೆಸರನ್ನು ಪಿಂಗ್‌ಯಿಯಲ್ಲಿ ಬೆಳೆಯುವ ಜಾತಿಯೊಂದಕ್ಕೇ ಮೀಸಲಿಟ್ಟು, ದಕ್ಷಿಣದ ಜಾತಿಗಳಿಗೆ ‘ಶಾನ್ ಯಿನ್ ಹುವಾ’, ಅಂದರೆ ಬೆಟ್ಟದ ಬೆಳ್ಳಿಹೂವು ಎಂದು ಬೇರೆ ಹೆಸರು ಕೊಟ್ಟಿತು. ಬೆಳ್ಳಿ ಉಳಿಯಿತು, ಬಂಗಾರ ಹೋಯಿತು.

ಹೆಸರಿನೊಡನೆ ಬೆಲೆಯೂ ಹೋಯಿತೆಂಬುದೇ ದಕ್ಷಿಣದವರ ಅಳಲು. ತಮ್ಮ ಮೊಗ್ಗಿನಲ್ಲಿ ಕ್ಲೋರೊಜೆನಿಕ್ ಆಮ್ಲ ಉತ್ತರದ್ದಕ್ಕಿಂತ ಹೆಚ್ಚೇ ಇದೆಯಲ್ಲಾ ಎಂದು ಅವರು ವಾದಿಸಿದರು. ಅದು ಸುಳ್ಳಲ್ಲ. ಆದರೆ ಅದರಲ್ಲಿ ಲೂಟಿಯೊಲೊಸೈಡ್ ತೀರ ಕಡಮೆ, ಸೀಗೆಯ ನೊರೆಯಂತೆ ನೊರೆಗಟ್ಟುವ ಸಪೋನಿನ್ ಅಂಶ ಬಹಳ. ಅದು ಸೂಜಿಮದ್ದಿನಲ್ಲಿ ರಕ್ತಕ್ಕೆ ಸೇರಿದರೆ ಅಪಾಯವಾದೀತೆಂದು ಇನ್ನೊಂದು ಪಕ್ಷ. ಸಸ್ಯಶಾಸ್ತ್ರದ ದೃಷ್ಟಿಯಿಂದ ಎರಡನ್ನೂ ಬೇರ್ಪಡಿಸಿದ್ದು ನ್ಯಾಯವೇ ಸರಿ. ಔಷಧವೆಂದ ಮೇಲೆ ಕೊಳ್ಳುವವನಿಗೆ ತಾನು ಯಾವ ಗಿಡವನ್ನು ನುಂಗುತ್ತಿದ್ದೇನೆಂದು ತಿಳಿದಿರಬೇಕು. ಹಾಗಿದ್ದರೂ, ಒಂದು ಮುದ್ರಿತ ಪುಟದ ತಿದ್ದುಪಡಿಯಿಂದ ತನ್ನ ಹೊಲದ ಬೆಳೆ ರಾತ್ರಿ ಬೆಳಗಾಗುವುದರೊಳಗೆ ಬೇರೊಂದಾಗಿಬಿಟ್ಟ ಮಲೆಯ ರೈತನಿಗೆ ಆ ನ್ಯಾಯ ಹೇಗೆ ಸಮಾಧಾನ ಕೊಟ್ಟೀತು?

ಪಿಂಗ್‌ಯಿಯವರು ಹೆಸರನ್ನು ಉಳಿಸಿಕೊಂಡರು. ಜೆಂಗ್‌ಚೆಂಗ್ ಪೇಟೆಯಲ್ಲಿ ಸುಗ್ಗಿಯ ದಿನಗಳಂದು ಚೀಲಗಳ ಬಾಯಿ ಬಿಚ್ಚಿ ಕುಳಿತವರ ಮುಂದೆ ವ್ಯಾಪಾರಿಗಳು ಒಂದು ಹಿಡಿ ಮೊಗ್ಗು ಎತ್ತಿ, ಮೂಸಿ, ಅಂಗೈಯಲ್ಲಿ ಹರಡಿ, ಬಿರಿದವು ಎಷ್ಟೆಂದು ಎಣಿಸಿ ಬೆಲೆ ಕಟ್ಟುತ್ತಾರೆ. ಊರಿನ ಚಿಂತೆ ಬೇರೆ ಬಗೆಯದು. ಹರೆಯದವರು ನಗರಗಳ ಕಾರ್ಖಾನೆಗಳಿಗೆ ಹೊರಟುಹೋಗಿದ್ದಾರೆ. ಗುಡ್ಡದ ಮೇಲೆ ಬಾಗಿ ನಿಂತ ಬೆನ್ನುಗಳೆಲ್ಲ ವಯಸ್ಸಾದವು. ರೋಮಗಳಿಂದ ತುಂಬಿದ ಹಳೆಯ ‘ದೊಡ್ಡ ರೋಮದ ಹೂ’, ಕೋಳಿಯ ಉಗುರಿನಂತೆ ಮೊಗ್ಗು ಕೂಡುವ ‘ಕೋಳಿಕಾಲಿನ ಹೂ’ ಎಂಬ ತಳಿಗಳ ಜೊತೆಗೆ, ಮೊಗ್ಗು ಹಲವು ದಿನ ಬಿರಿಯದೆ ಕಾಯುವ ಹೊಸ ತಳಿಗಳನ್ನೂ ಈಗ ನೆಡುತ್ತಿದ್ದಾರೆ. ಬಿಡಿಸುವ ಕೈ ಕಡಮೆಯಾದರೆ ಮೊಗ್ಗಾದರೂ ಸ್ವಲ್ಪ ತಾಳಲಿ ಎಂಬ ಉಪಾಯ.

ಹಳೆಯ ಪೊದೆಗಳು ತಾಳುವುದಿಲ್ಲ. ಮಧ್ಯಾಹ್ನ ಕಳೆದು ಬುಟ್ಟಿಗಳು ಕೆಳಗಿಳಿದ ಮೇಲೆ, ಎಲೆಯ ಮರೆಯಲ್ಲಿ ಕಣ್ಣಿಗೆ ಬೀಳದೆ ಉಳಿದ ಮೊಗ್ಗುಗಳು ಒಂದೊಂದಾಗಿ ತುಟಿ ತೆರೆಯುತ್ತವೆ. ಮರುದಿನ ಅವನ್ನೂ ಬಿಡಿಸಿ ಬೇರೆ ಚೀಲಕ್ಕೆ ಹಾಕುತ್ತಾರೆ. ಕೀಳುದರ್ಜೆಯ ಸರಕೆಂದು ಅದಕ್ಕೆ ಸಲ್ಲುವ ಹಣ ಅಲ್ಪ. ಆ ಒಂದು ರಾತ್ರಿ ಮಾತ್ರ ಗುಡ್ಡವೆಲ್ಲ ಘಮಘಮಿಸುತ್ತದೆ, ಪತಂಗಗಳು ಬರುತ್ತವೆ.