ಎರಡು ಬೀಪ್

ಹಳೇ ಲ್ಯಾಪ್‌ಟಾಪಿನ ಪಕ್ಕದ ಸಂದಿಗೆ ನೆಟ್‌ವರ್ಕ್ ಕಾರ್ಡ್ ದೂಡಿ ಕಿವಿಗೊಟ್ಟು ಕೂರುವುದರಲ್ಲಿ ಏನು ಸುಖವೋ, ನಮ್ಮ ಮನೆಯವರಿಗೆ ಇವತ್ತಿಗೂ ತಿಳಿದಿಲ್ಲ. ಹಳೆಯ ಲಿನಕ್ಸ್‌ನಲ್ಲಿ ಡೇವಿಡ್ ಹೈಂಡ್ಸ್ ಬರೆದ ಕಾರ್ಡ್ ಮ್ಯಾನೇಜರ್ ಮಾತಾಡುವುದೇ ಬೀಪ್‌ಗಳಲ್ಲಿ. ಏರುದನಿಯ ಎರಡು ಬೀಪ್ ಬಂದರೆ ಕಾರ್ಡಿನ ಗುರುತು ಸಿಕ್ಕಿತು, ಕೆಲಸಕ್ಕೂ ಹಚ್ಚಾಯಿತು. ಎರಡನೆಯದು ತಗ್ಗುದನಿಯಾದರೆ ಗುರುತೇನೋ ಸಿಕ್ಕಿತು, ಹೊಂದಿಸಲು ಆಗಲಿಲ್ಲ. ಬರೀ ಒಂದು ತಗ್ಗುದನಿಯೆಂದರೆ ಇವನ್ಯಾರೋ ಗೊತ್ತೇ ಇಲ್ಲ!

ಸ್ವಾರಸ್ಯವಿರುವುದು ಎರಡೂ ಬೀಪ್ ಸರಿಯಾಗಿಯೇ ಬಂದು ನೆಟ್‌ವರ್ಕ್ ಮಾತ್ರ ಬಾರದಿದ್ದಾಗ. ಪಿಂಗ್ ಮಾಡಿದರೆ ಉತ್ತರವಿಲ್ಲ. ಇಂಥ ಹೊತ್ತಿನಲ್ಲಿ ಡ್ರೈವರನ್ನು ಬೈಯುವವರೇ ಹೆಚ್ಚು. ನಾನು ಪ್ರಾಕ್ ಡೈರೆಕ್ಟರಿಯಲ್ಲಿರುವ ಇಂಟರಪ್ಟ್ಸ್ ಫೈಲ್ ನೋಡುತ್ತೇನೆ. ಯಾವ ಸಾಧನ ಪ್ರೊಸೆಸರನ್ನು ಎಷ್ಟು ಸಲ ಕರೆದಿದೆ ಎಂಬ ಲೆಕ್ಕ ಅಲ್ಲಿದೆ. ಕೀಬೋರ್ಡಿನ ಸಂಖ್ಯೆ ಕೀಲಿ ಒತ್ತಿದರೂ ಏರುತ್ತದೆ, ಬಿಟ್ಟರೂ ಏರುತ್ತದೆ. ಈಥರ್‌ನೆಟ್ ಎದುರು ಸೊನ್ನೆ. ಇನ್ನೊಮ್ಮೆ ಪಿಂಗ್, ಮತ್ತದೇ ಸೊನ್ನೆ. ರೋಗ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿ.

ಆ ಕಾಲದ ಪಿಸಿಗಳಲ್ಲಿ ಇಂಟರಪ್ಟ್ ಲೈನುಗಳು, ಅಂದರೆ ಐಆರ್‌ಕ್ಯೂಗಳು, 0ಯಿಂದ 15ರವರೆಗೆ, ಒಟ್ಟು 16. ಟೈಮರಿಗೆ 0, ಕೀಬೋರ್ಡಿಗೆ 1, ಮೊದಲ ಸೀರಿಯಲ್ ಪೋರ್ಟಿಗೆ 4, ಪ್ರಿಂಟರಿಗೆ 7 ಎಂದು ಹಂಚುತ್ತ ಹೋದರೆ ಉಳಿಯುವುದೆಷ್ಟು? ನಮ್ಮ ಕಾರ್ಡ್ 3ನೆಯದು ಖಾಲಿ ಎಂದುಕೊಂಡು ಹೋಗಿ ಕೂತಿರುತ್ತದೆ. ಅಲ್ಲಿ ಯಾರೂ ಮುಟ್ಟದ ಇನ್‌ಫ್ರಾರೆಡ್ ಪೋರ್ಟ್, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರ ಹಾಗೆ, ಬಯಾಸ್‌ನಲ್ಲೇ ಜಾಗ ಹಿಡಿದಿರುತ್ತದೆ.

ಮದ್ದು ಒಂದೇ ಸಾಲು. ಕಾರ್ಡ್ ಮ್ಯಾನೇಜರಿನ ಕಾನ್ಫಿಗ್ ಫೈಲಿನಲ್ಲಿ ‘ಎಕ್ಸ್‌ಕ್ಲೂಡ್ ಐಆರ್‌ಕ್ಯೂ 3’ ಎಂದು ಮೊದಲೇ ಬರೆದು, ಮುಂದೊಂದು ಹ್ಯಾಶ್ ಹಾಕಿ ಬಾಯಿ ಕಟ್ಟಿರುತ್ತಾರೆ. ಆ ಹ್ಯಾಶ್ ಅಳಿಸಿ ರೀಸ್ಟಾರ್ಟ್ ಮಾಡಿದರೆ ಕಾರ್ಡ್ ಬೇರೆ ಲೈನ್ ಹುಡುಕಿಕೊಳ್ಳುತ್ತದೆ. ಸೊನ್ನೆ ಇದ್ದಲ್ಲಿ 12, 40, 95! ಬಯಾಸ್‌ಗೆ ಹೋಗಿ ಇನ್‌ಫ್ರಾರೆಡ್ ಆಫ್ ಮಾಡಿದರೂ ಆಗುತ್ತದೆ, ನಿಜ. ಆದರೆ ಒಂದು ಅಕ್ಷರ ಅಳಿಸಿ ಜಗಳ ಬಿಡಿಸುವ ರುಚಿಯೇ ಬೇರೆ.

2005ರಲ್ಲಿ 2.6.13 ಕರ್ನಲ್ ಬಂದಮೇಲೆ ಆ ಮ್ಯಾನೇಜರಿಗೆ ಕೆಲಸವಿಲ್ಲವಾಯಿತು. ಈಚಿನ ಜಗಳಗಳು ಬೇರೆ ಥರ: ಒಂದೇ ಬ್ರಾಡ್‌ಕಾಮ್ ವೈಫೈ ಚಿಪ್ಪಿಗೆ ಬಿ43, ಡಬ್ಲ್ಯುಎಲ್ ಎಂಬ ಎರಡು ಡ್ರೈವರ್ ಕೈಹಾಕುತ್ತವೆ, ಒಂದನ್ನು ಬ್ಲ್ಯಾಕ್‌ಲಿಸ್ಟ್ ಮಾಡಿದರೆ ಮುಗಿಯಿತು. ಅದೂ ಮಜವೇ. ಬೀಪ್ ಇಲ್ಲ, ಅಷ್ಟೇ.

ನಿಮ್ಮ ಅಟ್ಟದಲ್ಲಿ ಇಂಥದೊಂದು ಲ್ಯಾಪ್‌ಟಾಪ್ ಇದ್ದರೆ ಗುಜರಿಯವನನ್ನು ಕೂಗುವ ಮುನ್ನ ನನಗೊಂದು ಮಾತು ಹೇಳಿ.